ರಂಜನಾ ಹಂಚಿದ ಫಾಂಟ್

ಪುಕ್ಕಟೆ ಸಿಕ್ಕ ಫಾಂಟನ್ನೆಲ್ಲ ಪುಕ್ಕಟೆ ಹಂಚುವ ಹಕ್ಕು ಯಾರಿಗೂ ಇಲ್ಲ. ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುತ್ತೇವೆ, ಅಷ್ಟೇ.

ಬೈಲಹೊಂಗಲದ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ ರಂಜನಾ, 2005ರಲ್ಲಿ ಕನ್ನಡ ಬರೆಯುವ ಪುಟ್ಟ ತಂತ್ರಾಂಶ ಮಾಡಿದಳು. ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಹಂಚಿ ಎಂದು ತನ್ನ ಹೆಸರಿನಲ್ಲೇ ಬರೆದು ಶಾಲೆಗಳಿಗೆ ಸೀಡಿ ಕೊಟ್ಟಳು. ಅದರೊಳಗಿನ ಫಾಂಟ್ ಮಾತ್ರ ಅವಳದಲ್ಲ. ನೆರೆಮನೆಯಿಂದ ಹೆಪ್ಪು ತಂದಂತೆ ಸವದತ್ತಿಯ ಪ್ರೆಸ್ಸಿನಿಂದ ಫ್ಲಾಪಿಯಲ್ಲಿ ತಂದದ್ದು. ಎಲ್ಲ ಪ್ರೆಸ್ಸುಗಳಲ್ಲೂ ಅದೇ ಇತ್ತು. ಯಾರೂ ಯಾರನ್ನೂ ಕೇಳಿರಲಿಲ್ಲ.

ಒಂದು ದಿನ ಫಾಂಟಿನ ವಿವರ ತೆರೆದು ನೋಡಿದಳು. ತಯಾರಿಸಿದ ಕಂಪನಿಯ ಅನುಮತಿಯಿಲ್ಲದೆ ಹಂಚುವಂತಿಲ್ಲ ಎಂದಿತ್ತು. ಮಾಲಕನನ್ನು ಕರೆದು ತೋರಿಸಿದಳು.

"ಊರಾಗ ಎಲ್ಲಾರೂ ಬಳಸ್ತಾರ, ನಿನ್ನೊಬ್ಬಾಕಿನ್ನ ಹಿಡ್ಕೊಂಡ ಹೋಗ್ತಾರೇನು?" ಪ್ರೆಸ್ಸಿನ ಮಾಲಕ ವೆಂಕಣ್ಣ ನಕ್ಕ.

"ಅವ್ರು ಬಳಸ್ಯಾರ ಕಾಕಾ. ನಾನು ನಂದ ಅಂತ ಬರದು ಹಂಚೇನಿ."

ಫಾಂಟ್ ತೆಗೆದುಹಾಕಿ, ಕೊಟ್ಟ ಸೀಡಿಗಳನ್ನು ವಾಪಸು ತರಲು ಹೊರಟಳು. ಬಸ್ಸಿನಲ್ಲಿ ಕಂಡಕ್ಟರನ ಖಾಕಿ ಕಂಡರೂ ಪೊಲೀಸರೆಂದು ಮುಖ ತಿರುಗಿಸುತ್ತಿದ್ದಳು. ಸುರೇಬಾನದ ಶಾಲೆಯ ಮಡಿವಾಳೆಪ್ಪ ಮಾಸ್ತರರು ಬಾಗಿಲಲ್ಲೇ ಕೈ ಮುಗಿದರು.

"ಬರ್ರಿ ಬಾಯಾರ! ನಿಮ್ಮ ಸೀಡಿ ಭಾಳ ಛಲೋ ಐತ್ರಿ. ಇಂಟರ್ನೆಟ್ಟಿಗೆ ಹಾಕೇನಿ, ಎಲ್ಲೆಲ್ಲಿ ಮಂದಿನೋ ಇಳಿಸ್ಕೊಳ್ಳಾಕತ್ತಾರ. ನಿಮ್ಮ ಹೆಸರ ದೊಡ್ಡದಾಗಿ ಹಾಕೇನ್ರಿ!"

ಸೀಡಿಯನ್ನೇನೋ ವಾಪಸು ತಂದಳು; ಇಂಟರ್ನೆಟ್ಟಿಗೆ ಹೋದದ್ದನ್ನು ತರಲಾಗಲಿಲ್ಲ. ಇಂದಿಗೂ ಪ್ರೆಸ್ಸಿನ ಫೋನ್ ಬಡಿದುಕೊಂಡರೆ, ಫಾಂಟಿನ ಕಂಪನಿಯವರಿರಬಹುದೆಂದು ರಂಜನಾ ಎತ್ತುವುದಿಲ್ಲ.

ತಂತ್ರಾಂಶ ಹಂಚಲು ಹೊರಟ ಮಹಾನುಭಾವರೇ, ಅದರೊಳಗಿನ ಫಾಂಟಿನ ಪರವಾನಗಿಯನ್ನು ಮೊದಲು ಓದಿ. ಹಂಚಬಹುದು ಎಂದು ಅಲ್ಲಿ ಬರೆದಿಲ್ಲವಾದರೆ ಇವತ್ತೇ ಕಿತ್ತುಹಾಕಿ.