ಕಸೂತಿ ಹೊದ್ದ ಯಂತ್ರ, ಬರಿಗೈಯ ಉಮ್ಸುನಾಯ್

ಬೆಳಗಿನ ಆರು ಗಂಟೆ. ನಾರಿನ್ ನದಿ ಇನ್ನೂ ಹೆಪ್ಪುಗಟ್ಟಿಯೇ ಇದೆ. ತಾಲ್ಲೂಕು ಆಸ್ಪತ್ರೆಯ ಕಲ್ಲಿದ್ದಲ ಒಲೆ ಹೊತ್ತಿಕೊಳ್ಳುವ ಮೊದಲೇ ಅರಿವಳಿಕೆ ವೈದ್ಯೆ ಉಮ್ಸುನಾಯ್ ಬಂದಿದ್ದಾರೆ. ಬಂದವರು ಮುಖ್ಯ ವೈದ್ಯರ ಕೋಣೆಯ ಬೀಗದ ಮುಂದೆ ನಿಂತಿದ್ದಾರೆ. ಬಾಗಿಲ ಗಾಜಿನಾಚೆ ಅಲ್ಟ್ರಾಸೌಂಡ್ ಯಂತ್ರವಿದೆ. ಕಾಣುವುದು ಮಾತ್ರ ಅದರ ಮೇಲೆ ಹೊದಿಸಿದ ಕೆಂಪು ಕಸೂತಿ ಬಟ್ಟೆ.

ಪಕ್ಕದ ವಾರ್ಡಿನಲ್ಲಿ ಎಂಬತ್ತೊಂದು ವರ್ಷದ ಬುರ್ಮಾಕನ್ ನರಳುತ್ತಿದ್ದಾರೆ, ಊರಿಗೆಲ್ಲ ಹಿರಿಯಮ್ಮ, 'ಅಪಾ'. ನಿನ್ನೆ ಸಂಜೆ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯಿಂದ ಬರುವಾಗ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದಿದೆ. ಬೆರಣಿ ಹೊಗೆ ಕುಡಿದ ಶ್ವಾಸಕೋಶ ಅವರದು. ಶಸ್ತ್ರಕ್ರಿಯೆಗೆ ಮದ್ದು ಕೊಟ್ಟು ಪೂರ್ತಿ ಮಲಗಿಸಿದರೆ ಮತ್ತೆ ಏಳುವುದು ಅನುಮಾನ. ಸೊಂಟದಿಂದ ಕೆಳಗಷ್ಟೇ ಮರಗಟ್ಟಿಸಲು ಬೆನ್ನಿಗೆ ಸೂಜಿ ಹಾಕೋಣವೆಂದರೆ ಎದ್ದು ಕೂರಬೇಕು, ಮುರಿದ ಮೂಳೆ ಅಲುಗಿದರೆ ಪ್ರಾಣ ಹೋಗುವ ನೋವು. ಮೊದಲು ತೊಡೆಯ ನರವನ್ನು ಮರಗಟ್ಟಿಸಬೇಕು. ಸೂಜಿ ಸರಿಯಾದ ಜಾಗಕ್ಕೆ ಹೋಗಬೇಕಾದರೆ ಒಳಗಿನದು ಕಾಣಬೇಕು. ಕಾಣಿಸುವ ಕಣ್ಣು ಬೀಗದ ಆಚೆ ಇದೆ.

"ಕೀಲಿಕೈ ಎಲ್ಲಿದೆಯಮ್ಮಾ?"

"ಸಾಹೇಬರ ಜೇಬಲ್ಲಿ, ಎಜೆ," ಎನ್ನುತ್ತಾಳೆ ದಾದಿ. ಆಸ್ಪತ್ರೆಗೆಲ್ಲ ಉಮ್ಸುನಾಯ್ ಅಕ್ಕನೇ, ಎಜೆಯೇ. "ಮಂಗಳವಾರ ತಪಾಸಣೆಯವರು ಬರ್ತಾರಂತೆ. ಯಂತ್ರ ಹೊಸದಾಗೇ ಕಾಣ್ಬೇಕಂತೆ."

ನಮ್ಮ ಮನೆಗಳಲ್ಲಿ ಒಳ್ಳೆಯ ಹಾಸಿಗೆಗಳನ್ನೆಲ್ಲ ಗೋಡೆಗೆ ಒಟ್ಟಿ ಇಡುತ್ತೇವೆ, ಬರುವ ಅತಿಥಿಗೆಂದು. ನಾವು ಹರಕಿನ ಮೇಲೆ ಮಲಗುತ್ತೇವೆ. ಮನೆಯ ಮರ್ಯಾದೆ, ಇರಲಿ. ಆದರೆ ಅದೇ ಮರ್ಯಾದೆಯನ್ನು ಆಸ್ಪತ್ರೆಗೆ ಹೊತ್ತು ತಂದವರು ಯಾರು? ರೋಗಿಯ ನೋವು ಕಳೆಯಲೆಂದು ಬಂದ ಯಂತ್ರವನ್ನು ಅತಿಥಿಯ ಹಾಸಿಗೆಯಂತೆ ಮಡಿಸಿಟ್ಟವರಿಗೆ ನಾಚಿಕೆಯಾದರೂ ಬೇಡವೇ?

ಮೂವತ್ತೊಂದು ಹಳ್ಳಿಗೆ ಇದೊಂದೇ ಆಸ್ಪತ್ರೆ. ಇದ್ದ ಇಬ್ಬರು ಅರಿವಳಿಕೆ ವೈದ್ಯರಲ್ಲಿ ಒಬ್ಬರು ರಷ್ಯಾಕ್ಕೆ ಹೋಗಿ ಎರಡು ವರ್ಷವಾಯಿತು. ಕಳೆದ ವರ್ಷ ನಾನೂರ ಹನ್ನೆರಡು ಶಸ್ತ್ರಕ್ರಿಯೆ, ಅಷ್ಟಕ್ಕೂ ಉಮ್ಸುನಾಯ್ ಒಬ್ಬರೇ. ಯಂತ್ರ ಬೆಳಗಿದ್ದು ಹತ್ತೊಂಬತ್ತು ಸಲ. ಅದರಲ್ಲೂ ಏಳು ಸಲ, ಬಂದವರಿಗೆ ತೋರಿಸಲು.

ಯಂತ್ರ ನೋಡಿ ಸೂಜಿ ಹಾಕುವ ವಿದ್ಯೆ ಕಲಿಯಲು ಅವರು ಮೂರು ವಾರ ರಾಜಧಾನಿ ಬಿಷ್ಕೆಕ್‌ನಲ್ಲಿ ಚಿಕ್ಕಮ್ಮನ ಮಗಳ ಮನೆಯ ಅಡುಗೆಕೋಣೆಯಲ್ಲಿ ಮಲಗಿದ್ದರು. "ಮೊದಲು ಕುರಿ ತೊಡೆಗೆ ನೀರು ಚುಚ್ಚಿ ಚುಚ್ಚಿ ಕೈ ಕುದುರಿಸ್ಕೊಂಡೆ. ಸಂಜೆ ಅದನ್ನೇ ಬೇಯಿಸಿ ತಿಂತಿದ್ವಿ. ನಾನು ಕಲಿತಷ್ಟೂ ದಿನ ಆ ಮನೆ ಮಕ್ಕಳಿಗೆ ಹಬ್ಬ," ಎಂದು ನಗುತ್ತಾರೆ.

ತುರ್ದುಕೆಯ ಹೆಸರೆತ್ತಿದರೆ ಆ ನಗು ನಿಂತುಹೋಗುತ್ತದೆ. ಕುದುರೆ ಜೀನು ಹೊಲಿಯುತ್ತಿದ್ದ ಎಪ್ಪತ್ತರ ಮುದುಕ, ಹೋದ ಚಳಿಗಾಲದಲ್ಲಿ ಇದೇ ಸೊಂಟ ಮುರಿದುಕೊಂಡು ಬಂದಿದ್ದ. ಕೀಲಿಕೈ ಸಿಗಲಿಲ್ಲ. ಉಮ್ಸುನಾಯ್ ಬೆರಳಲ್ಲೇ ತಡಕಿ ಅಂದಾಜಿಗೆ ಮದ್ದು ಹಾಕಿದರು, ಹಿಡಿಯಲಿಲ್ಲ. ಪೂರ್ತಿ ಮಲಗಿಸಬೇಕಾಯಿತು. ಎದೆಯಲ್ಲಿ ಕಫ ಕಟ್ಟಿ ಒಂಬತ್ತನೇ ದಿನ ತೀರಿಕೊಂಡ. "ಕಾಗದದಲ್ಲಿ ನ್ಯುಮೋನಿಯಾ ಅಂತ ಬರೆದ್ರು. ಬೀಗ ಅಂತ ಬರೀಬೇಕಿತ್ತು."

ಎಂಟು ಗಂಟೆಗೆ ಮುಖ್ಯ ವೈದ್ಯ ಎಸೆನ್‌ಕಾನ್ ಬರುತ್ತಾರೆ, ಉಣ್ಣೆ ಕೋಟಿನ ಮೇಲಿನ ಹಿಮ ಕೊಡವುತ್ತ.

"ಕೀಲಿಕೈ ಕೊಡಿ, ಬೈಕೆ." ಎಷ್ಟು ಕೋಪ ಬಂದರೂ ಅಣ್ಣನೆಂದೇ ಕರೆಯಬೇಕು, ರೂಢಿ.

"ಬೆಳಿಗ್ಗೆ ಬೆಳಿಗ್ಗೆನೇ ಶುರುವಾಯ್ತಾ ನಿಂದು? ಹಿಡಿಕೆಗೆ ಆ ಅಂಟು ಬಳಿದೂ ಬಳಿದೂ ಯಂತ್ರಾನ ಹಾಳು ಮಾಡ್ತೀಯ. ಮಂಗಳವಾರ ಕಳೀಲಿ."

"ಅಪಾಗೂ ಮಂಗಳವಾರದವರೆಗೆ ನೋವು ತಡ್ಕೊಳ್ಳಿ ಅಂತ ಹೇಳ್ಬೇಕಾ? ಬನ್ನಿ, ನೀವೇ ಹೇಳಿ."

ತೋಳು ಹಿಡಿದೇ ವಾರ್ಡಿಗೆ ಎಳೆದು ತರುತ್ತಾರೆ. ಜಗಳ ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿದ್ದ ಬುರ್ಮಾಕನ್ ಅಪಾ ಹಲ್ಲು ಕಚ್ಚಿ ಕಣ್ಣು ತೆರೆಯುತ್ತಾರೆ.

"ಲೋ ಎಸೆನ್‌ಕಾನ್, ಆ ಯಂತ್ರದ ಮೇಲಿನ ಕೆಂಪು ಬಟ್ಟೆ ಯಾರು ಹೊಲಿದಿದ್ದೋ?"

"ನೀವೇ ಅಲ್ವಾ ಅಪಾ! ಯಂತ್ರ ಬಂದ ದಿನ ಊರ ಹೆಂಗಸರ ಕಡೆಯಿಂದ ಉಡುಗೊರೆ ತಂದ್ರಿ. ಬಂದವರೆಲ್ಲ ಎಷ್ಟು ಮೆಚ್ತಾರೆ..."

"ವಾಪಸ್ ಕೊಡು."

ಪಕ್ಕದ ಮಂಚದವರೂ ತಲೆಯೆತ್ತುತ್ತಾರೆ. ಕೊಟ್ಟ ಉಡುಗೊರೆಯನ್ನು ಯಾರೂ ಮರಳಿ ಕೇಳುವುದಿಲ್ಲ ನಮ್ಮಲ್ಲಿ. ಕೇಳಿದರೆ, ಪಡೆದವನ ಮನೆತನಕ್ಕೇ ಅದು ಮಸಿ. ಏಳು ಊರು ಆ ಮಾತನ್ನು ಮರೆಯುವುದಿಲ್ಲ.

"ಅಪಾ, ಹಾಗೆಲ್ಲ ಅನ್ಬೇಡಿ..."

"ಧೂಳು ಬೀಳದಿರ್ಲಿ ಅಂತ ಹೊಲಿದೆ ಕಣೋ. ಮದುವೆ ಹೆಣ್ಣಿನ ಥರ ಪರದೆ ಹಿಂದೆ ಕೂರ್ಸು ಅಂದಿದ್ನಾ? ಕೊಡು ಇಲ್ಲಿ. ಮಂಗಳವಾರ ಬರೋರಿಗೂ ನಾನೇ ಹೇಳ್ತೀನಿ, ಯಾಕೆ ವಾಪಸ್ ಇಸ್ಕೊಂಡೆ ಅಂತ."

ಎಸೆನ್‌ಕಾನ್ ಕಿವಿ ಕೆಂಪಗಾಗುತ್ತದೆ. ಅವರ ಕೈ ಜೇಬಿಗೆ ಹೋಗುತ್ತದೆ.

ತೊಡೆಸಂದಿಗೆ ಅಂಟು ಬಳಿದು, ಯಂತ್ರದ ಹಿಡಿಕೆಯಿಟ್ಟು ಉಮ್ಸುನಾಯ್ ಯಂತ್ರದ ಪರದೆ ನೋಡುತ್ತಾರೆ. ಕಪ್ಪು ಉಂಗುರವೊಂದು ಮಿಡಿಯುತ್ತಿದೆ, ರಕ್ತನಾಳ. ಅದಕ್ಕೆ ಸೂಜಿ ತಾಗಬಾರದು. ಪಕ್ಕದಲ್ಲಿ ಬಿಳಿಚಿದ ನರ. ಸೂಜಿ ಬೆಳ್ಳಿಗೆರೆಯಂತೆ ಜಾರಿ ಪೊರೆಯ ಕೆಳಗೆ ಸೇರುತ್ತದೆ, ಮದ್ದು ಕಪ್ಪಗೆ ಹರಡುತ್ತದೆ.

"ಅಗೋ ಅಪಾ, ನಿಮ್ಮ ನರ."

"ಇಷ್ಟು ಸಣ್ಣದಾ? ಇದಕ್ಕಾ ನಾನು ಅಷ್ಟೊಂದು ಬೈದಿದ್ದು?"

ಅರ್ಧ ಗಂಟೆಯಲ್ಲಿ ಅಪಾ ದಾದಿಯ ಭುಜ ಹಿಡಿದು ಎದ್ದು ಕೂರುತ್ತಾರೆ. ನರಳುವುದಿಲ್ಲ. ಉಪ್ಪು ಹಾಕಿದ ಹಾಲಿನ ಚಹಾ ಬೇಕೆಂದು ಜಗಳ ತೆಗೆಯುತ್ತಾರೆ. ಬೆನ್ನಿಗೆ ಸೂಜಿ ಸಲೀಸಾಗಿ ಬೀಳುತ್ತದೆ. ಎಚ್ಚರವಿದ್ದೇ ಶಸ್ತ್ರಕ್ರಿಯೆ ಮುಗಿಯುತ್ತದೆ. ಮರುದಿನ ಊರುಗೋಲಿನಲ್ಲಿ ಕಿಟಕಿಯವರೆಗೆ ನಡೆಯುತ್ತಾರೆ.

ಐದನೇ ದಿನ ಅಪಾ ಅವರ ಗಂಡುಮಕ್ಕಳು ಬಂದು ಶಸ್ತ್ರವೈದ್ಯರ ತಲೆಗೆ ಮರ್ಯಾದೆಯ ಬಿಳಿ ಉಣ್ಣೆ ಟೋಪಿ ತೊಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋದ ಅಂಚಿನಲ್ಲಿ ಅರ್ಧ ಮೊಣಕೈ ಕಾಣುತ್ತದೆ. ಅದು ಉಮ್ಸುನಾಯ್ ಅವರದು.

ಕೀಲಿಕೈ ಈಗಲೂ ಎಸೆನ್‌ಕಾನ್ ಜೇಬಿನಲ್ಲೇ ಇದೆ. ಯಂತ್ರ ಮಾತ್ರ ಆ ಕೋಣೆಗೆ ಮರಳಿಲ್ಲ. ಶಸ್ತ್ರಕ್ರಿಯೆಯ ಕೋಣೆಯ ಮೂಲೆಯಲ್ಲಿ ಬೆತ್ತಲೆ ನಿಂತಿದೆ. ಬಟ್ಟೆಯನ್ನು ಅಪಾ ಮಡಿಲಲ್ಲಿಟ್ಟುಕೊಂಡೇ ಮನೆಗೆ ಹೋದರು. "ಬೈಕೆ ದಿನಾ ಕೇಳ್ತಾರೆ, ಯಂತ್ರ ಯಾವಾಗ ವಾಪಸ್ ತಂದಿಡ್ತೀಯ ಅಂತ. ಬಟ್ಟೆ ಇಲ್ದೆ ಹೆಂಗಿಡೋದು, ಧೂಳು ಬೀಳಲ್ವಾ ಅಂತೀನಿ," ಎನ್ನುತ್ತಾರೆ ಉಮ್ಸುನಾಯ್.

ನಿಮಗೇನು ಬೇಕು, ಟೋಪಿಯೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. ಯಂತ್ರದ ಗುಂಡಿಗಳ ಮೇಲೆ ಹೊಚ್ಚಹೊಸದಾಗಿ ಮಿನುಗುವ ಅಕ್ಷರಗಳನ್ನು ಹೆಬ್ಬೆರಳಿನಿಂದ ಉಜ್ಜುತ್ತಾರೆ.

"ಇವೆಲ್ಲ ನನ್ನ ಬೆರಳಿಗೆ ಅಳಿಸಿಹೋಗ್ಬೇಕು. ಅಷ್ಟು ಕೆಲಸ ಮಾಡಿಸ್ಬೇಕು ಇದರ ಕೈಲಿ."