ಅಕ್ಕ ಬಾಗಿಲು ಬಡಿಯುವ ರೀತಿ

ನನಗೆ ಅನುಮಾನ ಜಾಸ್ತಿ. ಇಷ್ಟು ವರ್ಷ ಬೇರೆಯವರ ಸೊಂಟದ ಅಳತೆ ತೆಗೆದ ಟೈಲರಿಗೆ ಅನುಮಾನ ಬರದೆ ಇನ್ನೇನು ಬಂದೀತು? ಟೇಪು ಸುತ್ತಿದ ತಕ್ಷಣ ಎಲ್ಲರೂ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಾನೂ ಏನೂ ಕಾಣದವನಂತೆ ಒಂದಿಂಚು ಸೇರಿಸಿಕೊಂಡು ಬಟ್ಟೆ ಕತ್ತರಿಸುತ್ತೇನೆ. ಹಾಗೆ ಮಾಡದೆ ಆರಾಮಾಗಿ ನಿಂತವರು ಒಬ್ಬರೇ, ನಮ್ಮ ಬೀದಿಯ ಪೊಲೀಸಕ್ಕ. "ಇರೋದನ್ನ ಇದ್ದ ಹಾಗೇ ಅಳೀರಿ ಟೈಲರೇ. ಕಳ್ಳನ ಹಿಂದೆ ಓಡುವಾಗ ಹೊಲಿಗೆ ಬಿಟ್ಟರೆ ಮಾನ ಹೋಗೋದು ನಂದು" ಅಂದಿದ್ದರು.

ಅಕ್ಕ ಅಂದರೆ ನನಗಿಂತ ದೊಡ್ಡವರೇನಲ್ಲ. ಬೀದಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ನನ್ನ ಅಂಗಡಿಯ ಮೇಲಿನ ಮನೆಯಲ್ಲಿ ಅವರೂ ಅವರ ತಾಯಿಯೂ ಇದ್ದರು. ಮೆಟ್ಟಿಲು ಅಂಗಡಿಯ ಪಕ್ಕದಲ್ಲೇ ಇರುವುದರಿಂದ ಯಾರು ಹತ್ತಿದರು, ಯಾರು ಇಳಿದರು ಅನ್ನುವುದು ಬೇಡವೆಂದರೂ ನನ್ನ ಕಿವಿಗೆ ಬೀಳುತ್ತದೆ. ಬೇಡವೆಂದು ನಾನು ಎಂದೂ ಅಂದವನಲ್ಲ ಬಿಡಿ.

ಅವರು ಬರೀ ಪೇದೆ. ಬಡ್ತಿ ಬಂದಾಗಲೆಲ್ಲ ಅದು ಇನ್ನೊಬ್ಬರ ಪಾಲಾಯಿತು, ಯಾಕೆಂದರೆ ಈ ಹೆಂಗಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಾಹೇಬರು "ಗಸ್ತಿಗೆ ಎಲ್ಲರೂ ಹೋಗಿದ್ರಾ?" ಎಂದರೆ "ನಾನು ಹೋಗಿದ್ದೆ, ಇವರು ಮಲಗಿದ್ರು" ಎಂದು ಪಕ್ಕದವನ ಎದುರಿಗೇ ಹೇಳಿಬಿಡುವವರು. ಅಂಥವರನ್ನು ಕಂಡರೆ ಠಾಣೆಯಲ್ಲಿ ಯಾರಿಗೆ ತಾನೇ ಪ್ರೀತಿ?

ಬೀದಿಗೆ ಮಾತ್ರ ಇತ್ತು. ಅಕ್ಕ ಬಾಗಿಲು ಬಡಿಯುವುದಕ್ಕೇ ಒಂದು ರೀತಿ ಇತ್ತು. ಲಾಠಿಯಿಂದಲ್ಲ, ಬೆರಳ ಗೆಣ್ಣಿನಿಂದ. ಮೊದಲು ಮೆಲ್ಲಗೆ ಎರಡು ಸಲ, ಸ್ವಲ್ಪ ತಡೆದು ಒಂದು ಸಲ ಜೋರಾಗಿ. ಒಳಗಿದ್ದವರು ಗಾಬರಿಯಾಗಬಾರದು, ಬಂದದ್ದು ತಾನೇ ಎಂದು ಗೊತ್ತಾಗಬೇಕು ಅಂತ. ಹಿಂದಿನ ಗಲ್ಲಿಯಲ್ಲಿ ಒಂದು ಹಳೇ ಗೋದಾಮನ್ನು ತಡಿಕೆ ಗೋಡೆ ಹಾಕಿ ಕೋಣೆ ಕೋಣೆ ಮಾಡಿದ್ದಾರೆ. ಅಲ್ಲಿರುವವರೆಲ್ಲ ಗಡಿಯಾಚೆಯಿಂದ ಬಂದವರು. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ಆಸ್ಪತ್ರೆಯ ಬಟ್ಟೆ ಒಗೆಯುವವರು, ಗಾರೆ ಕೆಲಸದವರು. ಆ ಬಡಿತಕ್ಕೆ ಅವರೂ ಬಾಗಿಲು ತೆಗೆಯುತ್ತಿದ್ದರು. ಕುಡಿದು ಹೊಡೆಯುವ ಗಂಡನ ಮೇಲೆ ದೂರು ಕೊಡಲು ಅಲ್ಲಿಯ ಹೆಂಗಸರು ನನ್ನ ಅಂಗಡಿಗೆ ಬಂದು, ಗುಂಡಿ ಹೊಲಿಸುವ ನೆಪದಲ್ಲಿ ಅಕ್ಕನಿಗಾಗಿ ಕಾಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆಮೇಲೆ ಮೇಲಿನಿಂದ ಆಜ್ಞೆ ಬಂತು. ಬೇರೆ ದೇಶದವರ ಕಾಗದಪತ್ರ ನೋಡುವುದು ಇನ್ನು ಠಾಣೆಯ ಪೊಲೀಸರ ಕೆಲಸವೂ ಹೌದು ಅಂತ. ಮೊದಲು ಅದಕ್ಕೇ ಬೇರೆ ಇಲಾಖೆ, ಬೇರೆ ಸಾಹೇಬರು ಇದ್ದರು. ನನಗಂತೂ ಸರಿಯೆನಿಸಿತು. ಕಾಯ್ದೆ ಅಂದಮೇಲೆ ಕಾಯ್ದೆ, ಯಾರ ಕೈಯಿಂದ ಆದರೇನು? ಹಾಗೆಂದು ಅಕ್ಕನ ಮುಂದೆ ಅಂದೂ ಬಿಟ್ಟೆ.

"ಸರಿ ಟೈಲರೇ" ಅಂದರು ಅಕ್ಕ. "ನಾಳೆ ನಿಮ್ಮ ಅಂಗಡಿ ಬೀಗ ಯಾರೋ ಒಡೆಯೋದನ್ನ ಅವರಲ್ಲೊಬ್ಬ ನೋಡ್ದ ಅಂತಿಟ್ಕೊಳ್ಳಿ. ನನ್ನ ಹತ್ರ ಬಂದು ಹೇಳ್ತಾನಾ?"

ನಾನು ಸೂಜಿಗೆ ದಾರ ಪೋಣಿಸತೊಡಗಿದೆ.

ಅಕ್ಕನ ಮನೆಯಲ್ಲೇ ಪುಟ್ಟಿ ಇದ್ದಳು. ಹೆಸರಿಗೆ ಪುಟ್ಟಿ, ತಲೆಯೆಲ್ಲ ನೆರೆತಿತ್ತು. ಮಂಡಿ ಹಿಡಿದುಹೋಗಿ ಗೋಡೆ ಆತುಕೊಂಡು ನಡೆಯುವ ಅಮ್ಮನನ್ನು ನೋಡಿಕೊಳ್ಳಲು ಬಂದವಳು. ಅಮ್ಮನೇ ಹಾಗೆ ಕರೆದು ಕರೆದು ಅದೇ ನಿಂತುಹೋಯಿತು. ಅವಳ ಮಾತಿನ ಧಾಟಿ ಕೇಳಿದರೆ ಗೋದಾಮಿನವರ ಕಡೆಯವಳು ಅನ್ನುವುದು ಕಿವುಡನಿಗೂ ತಿಳಿಯುತ್ತಿತ್ತು. ಅವಳ ಹತ್ತಿರ ಕಾಗದಪತ್ರ ಇದೆಯೋ ಇಲ್ಲವೋ ಎಂದು ಅಕ್ಕ ಎಂದೂ ಕೇಳಿದವರಲ್ಲ. ಕೇಳಿದರೆ ಗೊತ್ತಾಗುತ್ತದೆ. ಗೊತ್ತಾದರೆ, ಯಾರಾದರೂ ಕೇಳಿದಾಗ ಹೇಳಬೇಕಾಗುತ್ತದೆ. ಸುಳ್ಳು ಬರದವರ ಜಾಣತನ ಅದು.

ಆ ದಿನ ಬೆಳಿಗ್ಗೆ ನಾನು ಇಸ್ತ್ರಿ ಪೆಟ್ಟಿಗೆ ಆಗಷ್ಟೇ ಕಾಯಲು ಇಟ್ಟಿದ್ದೆ. ಹಿಂಬಾಗಿಲಿನಿಂದ ಗ್ಯಾಸಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಇಸ್ತ್ರಿ ಆರಿಸಿ ಹೊರಗೆ ಓಡಿದರೆ ಅಕ್ಕ ಆಗಲೇ ಗೋದಾಮಿನ ಬಾಗಿಲಲ್ಲಿದ್ದರು. ಠಾಣೆಗೆ ಫೋನು ಮಾಡಿ, ಬೆಂಕಿ ಆರಿಸುವ ಗಾಡಿ ಕಳಿಸಿ ಎಂದು ವಿಳಾಸ ಹೇಳಿ, ಒಳಗೆ ನುಗ್ಗಿ ಕೋಣೆಗಳ ಬಾಗಿಲು ಬಡಿಯತೊಡಗಿದರು. ಮೆಲ್ಲಗೆ ಎರಡು, ಜೋರಾಗಿ ಒಂದು.

ಒಂದು ಕೋಣೆಯಲ್ಲಿ ರೇಡಿಯೋ ಹಾಡುತ್ತಿತ್ತು, ಬಡಿತ ಕೇಳಿ ನಿಂತಿತು. ಇನ್ನೊಂದರಲ್ಲಿ ಮಗು ಕೆಮ್ಮಿತು, ಯಾರೋ ಅದರ ಬಾಯಿ ಮುಚ್ಚಿದರು. ಅಷ್ಟೇ. ಒಂದು ಬಾಗಿಲೂ ತೆರೆಯಲಿಲ್ಲ.

"ಗ್ಯಾಸ್ ಸೋರ್ತಿದೆ! ಹೊರಗೆ ಬನ್ರೋ! ನಾನು ಕಣ್ರೋ, ನಾನು!"

'ನಾನು' ಅಂದದ್ದೇ ತಪ್ಪಾಯಿತೇನೋ. ಇನ್ನೂ ನಿಶ್ಶಬ್ದವಾಯಿತು. ಬೇರೆ ಊರಿನಲ್ಲಿ ಪೊಲೀಸರು ನೀರಿನ ಪೈಪು ಒಡೆದಿದೆ ಎಂದು ಸುಳ್ಳು ಹೇಳಿ ಜನರನ್ನು ಹೊರಗೆಳೆದು ಗಾಡಿ ಹತ್ತಿಸಿದರಂತೆ ಅನ್ನುವ ಸುದ್ದಿ ಇವರ ಕಿವಿಗೆ ಆಗಲೇ ಬಿದ್ದಿತ್ತು. ನಿಜವೋ ಸುಳ್ಳೋ ಯಾರಿಗೆ ಗೊತ್ತು.

ಅಕ್ಕ ಮನೆಗೆ ಓಡಿದರು. ಪುಟ್ಟಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. "ನಿಮ್ಮ ಭಾಷೇಲಿ ಕೂಗು. ಸಾಯ್ತಾರೆ ಅನ್ನು." ಪುಟ್ಟಿ ಒಂದು ಕ್ಷಣ ಅಕ್ಕನ ಮುಖ ನೋಡಿದಳು. ಆ ನೋಟದಲ್ಲೂ ಅನುಮಾನ ಇತ್ತು, ನನ್ನಂಥವನಿಗೆ ಅದು ತಪ್ಪುವುದಿಲ್ಲ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದಳು. ಬಾಗಿಲುಗಳು ಒಂದೊಂದಾಗಿ ತೆರೆದವು. ತಲೆಗೂದಲಿಗೆ ಸೋಪು ಹಚ್ಚಿಕೊಂಡಿದ್ದವಳು, ಅರ್ಧ ಕೆನ್ನೆ ಬೋಳಿಸಿಕೊಂಡಿದ್ದವನು, ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡವರು, ಎಲ್ಲರೂ ಗಲ್ಲಿಗೆ ಬಂದರು.

ಬೆಂಕಿ ಆರಿಸುವ ಗಾಡಿ ಬಂತು. ಅದರ ಬೆನ್ನಿಗೇ ಒಂದು ಬಿಳಿ ವ್ಯಾನು. ಗಲ್ಲಿಗೆ ಇರುವುದು ಒಂದೇ ಬಾಯಿ, ವ್ಯಾನು ಅಲ್ಲೇ ಅಡ್ಡ ನಿಂತಿತು. ಒಳಗಿದ್ದವರು ಇಳಿದು, ಉಸಿರೆಳೆದುಕೊಳ್ಳಲು ಬಂದವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಕಾಗದ ಕೇಳಿದರು. ಸ್ನಾನದ ಮನೆಯಿಂದ ಓಡಿಬಂದವಳ ಕೈಯಲ್ಲಿ ಯಾವ ಕಾಗದ ಇರುತ್ತದೆ? ಅಕ್ಕ ಬಿಳಿಚಿಕೊಂಡು ನಿಂತಿದ್ದರು. ಪುಟ್ಟಿ ಅವರ ಬೆನ್ನ ಹಿಂದಿದ್ದಳು. "ಅಮ್ಮನ ಮಾತ್ರೆಗೆ ಹೊತ್ತಾಯ್ತು, ಹೋಗು" ಎಂದು ಅಕ್ಕ ತಿರುಗಿ ನೋಡದೆ ಗಟ್ಟಿಯಾಗಿ ಹೇಳಿದರು. ಪೇದೆಯ ಮನೆಯ ಹೆಂಗಸು ಅಂದುಕೊಂಡು ವ್ಯಾನಿನವರು ದಾರಿ ಬಿಟ್ಟರು. ಉಳಿದವರಲ್ಲಿ ಬಹಳ ಜನರನ್ನು ಹತ್ತಿಸಿಕೊಂಡು ಹೋದರು. ಹತ್ತುವ ಮೊದಲು ಒಬ್ಬ ಮುದುಕಿ ಅಕ್ಕನ ಬೂಟಿನ ಮುಂದೆ ಉಗಿದಳು.

ಗ್ಯಾಸು ಸೋರಿದ್ದು ಅಪ್ಪಟ ನಿಜ. ತುಕ್ಕು ಹಿಡಿದು ತೂತುಬಿದ್ದ ಪೈಪನ್ನು ಗಾಡಿಯವರು ನನಗೇ ತೋರಿಸಿದರು. ಗೋದಾಮಿನವರಿಗೆ ತೋರಿಸೋಣವೆಂದರೆ ಅವರು ಅಲ್ಲಿರಲಿಲ್ಲ.

ನನ್ನ ಹುಟ್ಟುಗುಣ ಎಲ್ಲಿ ಹೋದೀತು? ಪೈಪು ಕಣ್ಣಾರೆ ನೋಡಿಯೂ ಸಂಜೆ ಅಕ್ಕನನ್ನು ಕೇಳಿಬಿಟ್ಟೆ. "ವ್ಯಾನು ಕರೆಸಿದ್ದು ನೀವಾ?"

"ಬೆಂಕಿ ಗಾಡಿ ಕರೆಸಿದೆ. ವಿಳಾಸ ಹೇಳಿದೆ. ಆ ವಿಳಾಸ ಕೇಳಿದ್ರೆ ಠಾಣೆಯಿಂದ ಇನ್ಯಾರು ಹೊರಡ್ತಾರೆ ಅಂತ ತಲೆಗೆ ಹೊಳೀಬೇಕಿತ್ತು ಟೈಲರೇ. ಹೊಳೀಲಿಲ್ಲ." ಸ್ಟೂಲಿನ ಮೇಲೆ ಕೂತು ಅತ್ತರು. ಯೂನಿಫಾರ್ಮಿನಲ್ಲಿ ಅಳುವವರನ್ನು ನಾನು ಅದೇ ಮೊದಲು ನೋಡಿದ್ದು.

ಅಂದಿನಿಂದ ಅಕ್ಕ ಗಲ್ಲಿಗೆ ಕಾಲಿಟ್ಟರೆ ಕಿಟಕಿಗಳು ಮುಚ್ಚತೊಡಗಿದವು. ಪುಟ್ಟಿಯ ಪಾಡು ಇನ್ನೂ ಕಷ್ಟ. ಕೂಗಿ ಹೊರಗೆ ಕರೆದವಳು ಅವಳೇ ತಾನೇ? ಉಳಿದ ಅವಳ ಕಡೆಯವರು ಅವಳ ಮುಖ ಕಂಡರೆ ಆ ಕಡೆ ತಿರುಗಿ ನಿಲ್ಲುತ್ತಿದ್ದರು. ತರಕಾರಿಗೂ ಇಳಿಯುವುದನ್ನು ಬಿಟ್ಟಳು. ಅವಳ ಚಪ್ಪಲಿಯ ಸಪ್ಪಳ ಮೆಟ್ಟಿಲ ಮೇಲೆ ನಿಂತೇ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಠಾಣೆಯ ಸಾಹೇಬರು ಅಕ್ಕನನ್ನು ಕರೆದು, "ನೀನು ಬಡಿದರೆ ತೆಗೀದವರು ಅವರ ಭಾಷೆ ಕೇಳಿ ತೆಗೆದ್ರಂತಲ್ಲ. ಕೂಗಿದ್ದು ಯಾರು? ನಾಳೆ ಬಂದು ಹೇಳು" ಅಂದರಂತೆ. ಆ ಸಂಜೆ ಊಟದ ಹೊತ್ತಿಗೆ ಅಕ್ಕ ಅದನ್ನು ಅಮ್ಮನಿಗೆ ಹೇಳುತ್ತಿದ್ದುದು ನನ್ನ ಅಂಗಡಿಯ ಸೂರಿನಿಂದ ಕೇಳಿಸಿತು. ಹೊಲಿಗೆ ಮಷೀನು ನಿಲ್ಲಿಸಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

"ಏನು ಹೇಳ್ತೀಯ?" ಅಂದರು ಅಮ್ಮ.

"ಗೊತ್ತಿಲ್ಲಮ್ಮ. ನನ್ನ ಬಾಯಲ್ಲಿ ಸುಳ್ಳು ಬರಲ್ಲ ಅಂತ ನಿನಗೇ ಗೊತ್ತಲ್ಲ."

ಮೇಲೆ ತಟ್ಟೆಯ ಸದ್ದು ನಿಂತಿತು. ಪುಟ್ಟಿಯೂ ಅಲ್ಲೇ ಇದ್ದಿರಬೇಕು.

ಮರುದಿನ ಅಕ್ಕ ಠಾಣೆಯಿಂದ ಬಂದಾಗ ಬಿಸಿಲು ಇನ್ನೂ ಇತ್ತು. ಅಂಗಡಿಯ ಮುಂದೆ ನಿಂತು, "ಗುರುತಿಲ್ಲ ಅಂದುಬಿಟ್ಟೆ ಟೈಲರೇ" ಅಂದರು. "ಗಲಾಟೇಲಿ ಯಾರು ಕೂಗಿದ್ರೋ ಗೊತ್ತಾಗ್ಲಿಲ್ಲ ಸಾರ್ ಅಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸ್ತು."

ನಂಬಲೇ, ಬೇಡವೇ? ಸೊಂಟದ ಅಳತೆಯಲ್ಲೂ ಮೋಸ ಮಾಡದವರು ಸಾಹೇಬರಿಗೆ ಸುಳ್ಳು ಹೇಳಿಯಾರೇ? ಅವರ ಪ್ಯಾಂಟಿಗೆ ಹೊಸ ಜಿಪ್ ಹಾಕಿ ಇಟ್ಟಿದ್ದೆ, ಒಳ್ಳೆಯ ನೆಪವಾಯಿತು. ಅದನ್ನು ಹಿಡಿದು ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ಮೇಲೆ ಏನಾಗುತ್ತದೋ ನೋಡಬೇಕಿತ್ತು.

ಅಕ್ಕ ಬಾಗಿಲು ಬಡಿದರು. ಮೆಲ್ಲಗೆ ಎರಡು, ಜೋರಾಗಿ ಒಂದು. ಯಾವಾಗಲೂ ಆ ಸದ್ದಿಗೆ ಪುಟ್ಟಿ ಓಡಿಬಂದು ಚಿಲಕ ತೆಗೆಯುವಳು. ಇವತ್ತು ಒಳಗೆ ಪಾತ್ರೆಯೊಂದು ಸದ್ದು ಮಾಡಿ ಸುಮ್ಮನಾಯಿತು. ಅಕ್ಕ ಮತ್ತೆ ಬಡಿದರು.

"ಮನೇಲಿ ನಾನೊಬ್ಬಳೇ ಇರೋದು. ಬೇರೆ ಯಾರೂ ಇಲ್ಲ" ಎಂದಿತು ಅಮ್ಮನ ಧ್ವನಿ, ಬಾಗಿಲಿಗೆ ತೀರಾ ಹತ್ತಿರದಿಂದ. ಗೋಡೆ ಹಿಡಿಯದೆ ನಡೆಯಲಾಗದ ಮುದುಕಿ ಹೇಗೆ ಅಲ್ಲಿಯವರೆಗೆ ಬಂದರೋ!

"ಅಮ್ಮಾ, ನಾನು."

"ಗೊತ್ತು. ಅದಕ್ಕೇ ತೆಗೀತಿಲ್ಲ."

ಅಕ್ಕನ ಕೈ ಬಾಗಿಲ ಮೇಲೇ ನಿಂತಿತು. "ನಾನು ಹೇಳ್ಲಿಲ್ಲಮ್ಮ. ಅವಳ ಹೆಸರು ಹೇಳ್ಲಿಲ್ಲ. ಟೈಲರನ್ನೇ ಕೇಳು."

"ಹಾಗನ್ನು ಅಂತ ಠಾಣೆಯವರೇ ಹೇಳಿಕೊಟ್ಟು ಕಳಿಸಿರಬಹುದು. ಗ್ಯಾಸು ಅಂತ ಕೂಗಿಸಿದವಳಲ್ವಾ ನೀನು?"

ನಾನು ಬಾಯಿ ತೆರೆದೆ. ಅಲ್ಲಮ್ಮ, ಪೈಪು ನಾನೇ ನೋಡಿದ್ದೇನೆ, ಅನ್ನಬೇಕೆಂದಿದ್ದೆ. ಅಕ್ಕ ಬೇಡವೆಂದು ಕೈಸನ್ನೆ ಮಾಡಿದರು. ಹಣೆಯನ್ನು ಬಾಗಿಲಿಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು:

"ಸರಿಯಮ್ಮ. ನಾನು ಕೆಳಗೆ ಟೈಲರ್ ಅಂಗಡೀಲಿ ಗೋಡೆ ಕಡೆ ಮುಖ ಮಾಡಿ ಕೂತಿರ್ತೀನಿ. ಪುಟ್ಟಿ ಇರ್ತೀನಿ ಅಂದ್ರೆ ಇರ್ಲಿ, ನನ್ನನ್ನ ಊಟಕ್ಕೆ ಕರಿ. ಹೋಗ್ತೀನಿ ಅಂದ್ರೆ ಹೋಗ್ಲಿ. ಯಾವ ಕಡೆ ಹೋದ್ಲು ಅಂತ ನಾನು ನೋಡೋದು ಬೇಡ."

ಅಂಗಡಿಗೆ ಬಂದು ಬೀದಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತರು. ಎದುರಿಗೆ ಗಿರಾಕಿಗಳು ಬಟ್ಟೆ ಹಾಕಿಕೊಂಡು ನೋಡಿಕೊಳ್ಳುವ ನಿಲುವುಗನ್ನಡಿ. ಅದರಲ್ಲಿ ಮೆಟ್ಟಿಲ ಬುಡದಿಂದ ಬೀದಿಯ ತಿರುವಿನವರೆಗೆ ಎಲ್ಲ ಕಾಣುತ್ತದೆ. ಆ ಕನ್ನಡಿಯಿಂದಲೇ ನಾನು ಈ ಬೀದಿಯನ್ನು ಇಷ್ಟು ಚೆನ್ನಾಗಿ ಬಲ್ಲೆ.

"ಅದನ್ನ ಮುಚ್ಚಿ ಟೈಲರೇ."

ಕೈಗೆ ಸಿಕ್ಕಿದ ಕೋಟಿನ ಬಟ್ಟೆ ತೆಗೆದು ಕನ್ನಡಿಯ ಮೇಲೆ ಹೊದಿಸಿದೆ. ಅಕ್ಕ ಆ ಬಟ್ಟೆಯನ್ನೇ ನೋಡುತ್ತ ಕೂತರು. ಮೇಲೆ ಏನನ್ನೋ ಎಳೆದ ಸದ್ದು, ಅಮ್ಮನ ಅಳು, ಸಮಾಧಾನ ಮಾಡುವ ಇನ್ನೊಂದು ಧ್ವನಿ. ಇವರು ಎದ್ದು ಹೋಗುತ್ತಾರೇನೋ, ಫೋನು ತೆಗೆಯುತ್ತಾರೇನೋ ಎಂದು ನಾನು ಅವರ ಕೈಯನ್ನೇ ಕಾಯುತ್ತಿದ್ದೆ. ಎಂಥ ಪಾಪಿ ಬುದ್ಧಿ ನನ್ನದು. ಆ ಕೈ ಮಂಡಿಯ ಮೇಲಿಂದ ಅಲುಗಲಿಲ್ಲ.

ಚಪ್ಪಲಿಯ ಸಪ್ಪಳ ಇಳಿಯಿತು. ಅಂಗಡಿಯ ಮುಂದೆ ನಿಂತಿತು. ನಾನು ತಲೆಯೆತ್ತಿದೆ. ಪುಟ್ಟಿಯ ಕೈಯಲ್ಲಿ ಒಂದು ಚೀಲ ಇತ್ತು. ಅವಳು ನನ್ನನ್ನು ನೋಡಲಿಲ್ಲ, ಅಕ್ಕನ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಮನೆಯ ಬೀಗದ ಕೈಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸದ್ದಾಗದಂತೆ ಇಟ್ಟು ಹೊರಟುಹೋದಳು. ಯಾವ ಕಡೆ ಅಂತ ನನಗೆ ಗೊತ್ತು. ಇದುವರೆಗೆ ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

"ಹೋದ್ಲಾ?" ಅಂದರು ಅಕ್ಕ.

"ಹೂಂ."

ಅವರು ಎದ್ದು ಬೀಗದ ಕೈ ತೆಗೆದುಕೊಂಡು, "ಅಮ್ಮನ ಮಾತ್ರೆಗೆ ಹೊತ್ತಾಯ್ತು" ಅಂದರು. ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ಮೇಲೆ ಬಾಗಿಲ ಮುಂದೆ ಬೂಟು ನಿಂತಿತು. ನಾನು ಕಿವಿ ನೆಟ್ಟಗೆ ಮಾಡಿಕೊಂಡು ಬಹಳ ಹೊತ್ತು ಕಾದೆ. ಅಕ್ಕ ಬಾಗಿಲು ಬಡಿಯಲಿಲ್ಲ.