ಗೈಡ್ ಮೇಡಂ ಮಗಳಿಗೆ ನೆಯ್ದ ಸೀರೆ

2024ರ ಫೆಬ್ರವರಿಯ ಮೂರನೇ ಭಾನುವಾರ ಬೆಳಗ್ಗೆ ನನ್ನ ಹೆಂಡತಿಯ ಪಿಎಚ್‌.ಡಿ. ಗೈಡ್ ತಮ್ಮ ಮಗಳನ್ನು ಕರೆದುಕೊಂಡು ನನ್ನ ಮಾವನ ಮನೆಗೆ ಬಂದರು. ಮಗ್ಗದ ಮೇಲೆ ಅರ್ಧ ನೆಯ್ದಿದ್ದ ರೇಷ್ಮೆ ಸೀರೆಯನ್ನು ಸವರಿ, ಮಗಳ ಮದುವೆಗೆ ಇಂಥದ್ದೊಂದು ಬೇಕು ಎಂದರು. ಆ ಹೊತ್ತಿಗೆ ನನ್ನ ಹೆಂಡತಿಯ ಪ್ರಬಂಧದ ಪೂರ್ತಿ ಕರಡು ಅವರ ಮೇಜಿನ ಮೇಲೆ ಕೂತು ಐದು ವಾರವಾಗಿತ್ತು. ಅವರ ಸಹಿ ಇಲ್ಲದೆ ಅದು ಯೂನಿವರ್ಸಿಟಿಗೆ ಹೋಗುವಂತಿರಲಿಲ್ಲ.

ನಾವು ಆಗ ಕೊಯಮತ್ತೂರಿನ ಹೊರವಲಯದಲ್ಲಿ, ತುಡಿಯಲೂರಿನ ಆಚೆ, ಕಾಲೇಜುಗಳ ನಡುವೆ ಒಂದು ಮಹಡಿ ಮನೆಯಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಬೀದಿಯಲ್ಲಿ ಮೂರು ಮೆಸ್ಸು, ನಾಲ್ಕು ಜೆರಾಕ್ಸ್ ಅಂಗಡಿ, ಉಳಿದದ್ದೆಲ್ಲ ಹುಡುಗರ ಬಾಡಿಗೆ ರೂಮು. ಗಂಡ ಹೆಂಡತಿ ಎಂದು ಇದ್ದವರು ನಾವಿಬ್ಬರೇ. ಮನೆ ಕೊಡುವಾಗ ಓನರಮ್ಮ ಅವಳ ಕೊರಳಿನ ತಾಳಿ ನೋಡಿದ ಮೇಲೆಯೇ ಬೀಗದ ಕೈ ಕೊಟ್ಟಿದ್ದು. ನಾನು ಚಾಮರಾಜನಗರದ ಕಡೆಯವನು. ಕನ್ನಡ ಪತ್ರಿಕೆಯೊಂದಕ್ಕೆ ಮನೆಯಲ್ಲೇ ಕೂತು ಸುದ್ದಿ ತಿದ್ದುತ್ತೇನೆ. ಹೆಂಡತಿ ಮೆಟ್ಟುಪಾಳ್ಯಂ ಕಡೆಯ ನೇಕಾರರ ಮನೆಯವಳು. ಅವರ ಮನೆಯಲ್ಲಿ ಎಷ್ಟೋ ತಲೆಮಾರಿನಿಂದ ಕನ್ನಡ ಮಾತಾಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ನಾನು ತಿದ್ದಿದ ಸುದ್ದಿ ಪೇಪರಿನಲ್ಲಿ ಬಂದರೆ ಮಾವ ಅದನ್ನು ಉಲ್ಟಾ ಹಿಡಿದು, "ಚೆನ್ನಾಗಿ ಬರೆದಿದೀರ ಮಾಪ್ಳೆ" ಎನ್ನುತ್ತಾರೆ. ಮಾಪ್ಳೆ ಎಂದರೆ ಅಳಿಯ. ನಗಿಸಬೇಕೆಂದೇ ಹಾಗೆ ಮಾಡುವುದು.

ಅವಳ ಸಂಶೋಧನೆ ತೆಂಗಿಗೆ ಬೀಳುವ ಬಿಳಿನೊಣದ ಮೇಲೆ. ನಾಲ್ಕು ವರ್ಷ, ತಿಂಗಳಿಗೆ ಎರಡು ಭಾನುವಾರ, ನಾವು ಸ್ಕೂಟರಿನಲ್ಲಿ ಕಾಂಗೇಯಂ ಕಡೆಯ ತೋಟಗಳಿಗೆ ಹೋಗುತ್ತಿದ್ದೆವು. ಅವಳು ಏಣಿ ಹತ್ತಿ ಗರಿಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿ ಹುಳುಗಳ ಲೆಕ್ಕ ಕೂಗುತ್ತಿದ್ದಳು. ನಾನು ಕೆಳಗೆ ಏಣಿ ಹಿಡಿದು ಬರೆದುಕೊಳ್ಳುತ್ತಿದ್ದೆ. ತೋಟದ ಯಜಮಾನರೊಬ್ಬರು ಪ್ರತಿ ಸಲವೂ ತಮಿಳಿನಲ್ಲಿ ಕೇಳುತ್ತಿದ್ದರು:

"ಏನು ತಂಬಿ, ಏಣಿ ಹಿಡಿಯೋಕೇ ಮದುವೆ ಆದದ್ದಾ?"

"ಇಲ್ಲಣ್ಣಾ, ಅಡಿಗೆಗೂ ಇಟ್ಕೊಂಡಿದೀನಿ" ಎಂದು ಅವಳು ಮೇಲಿನಿಂದಲೇ ಹೇಳುತ್ತಿದ್ದಳು.

ಅದು ನಿಜವೇ. ಅವಳು ಏಳೂವರೆಗೆ ಲ್ಯಾಬಿಗೆ ಹೊರಡಬೇಕು, ನನ್ನ ಕೆಲಸ ಶುರುವಾಗುವುದು ಮಧ್ಯಾಹ್ನ. ಇಡ್ಲಿ, ಡಬ್ಬಿ, ನಲ್ಲಿಯಲ್ಲಿ ಸಿರುವಾಣಿ ಹೊಳೆಯ ನೀರು ಬಂದ ದಿನ ಡ್ರಮ್ ತುಂಬಿಸುವುದು ನನ್ನ ಪಾಲು. ಬಟ್ಟೆ, ಸ್ಕೂಟರು, ಓನರಮ್ಮನ ಹತ್ತಿರ ಜಗಳ ಅವಳ ಪಾಲು.

ಗೈಡ್ ಮೇಡಂ ಕೆಟ್ಟ ಮಾತು ಆಡಿದವರಲ್ಲ. ಇದನ್ನು ಮೊದಲೇ ಬರೆದಿಡಬೇಕು. ಕೊಯಮತ್ತೂರಿನ ಮರ್ಯಾದೆಯ ತಮಿಳು ಅವರದು. ಹೆಂಡತಿಯನ್ನು "ಕಣ್ಣು" ಎಂದೇ ಮುದ್ದಾಗಿ ಕರೆಯುತ್ತಿದ್ದರು. ಕಣ್ಣು, ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡು. ಕಣ್ಣು, ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಾ. ಕಣ್ಣು, ನಾಳೆ ಮನೆಯಲ್ಲಿ ಪೂಜೆ, ಹೂ ಕಟ್ಟಲು ಬೇಗ ಬಂದುಬಿಡು. ನಾಲ್ಕು ವರ್ಷದಲ್ಲಿ ಒಮ್ಮೆಯೂ ದನಿ ಏರಿಸಲಿಲ್ಲ. ಏರಿಸಿದ್ದರೆ ನಮಗೆ ಬೇಗ ಕೋಪ ಬರುತ್ತಿತ್ತೇನೋ.

ಆ ಭಾನುವಾರ ನಾನೂ ಅಲ್ಲಿದ್ದೆ. ಮಾವನದು ಗುಂಡಿ ಮಗ್ಗ, ಕಾಲು ನೆಲದೊಳಗೆ ಇಳಿಬಿಟ್ಟು ಕೂತು ನೆಯ್ಯುವಂಥದ್ದು. ಆ ಮನೆಯಲ್ಲಿ ಒಂದು ನಡೆವಳಿಕೆ ಇದೆ. ಮಗ್ಗಕ್ಕೆ ಇಳಿದು ಕೂತವನು ಎದುರಿಗೆ ಬಂದು ಸೀರೆ ಕೇಳಿದ ಮುತ್ತೈದೆಗೆ ಇಲ್ಲ ಅನ್ನಬಾರದು. ಮಗ್ಗದಲ್ಲಿ ಮನೆದೇವರು ಚೌಡಮ್ಮ ಕೂತಿರುತ್ತಾಳೆ, ಇಲ್ಲ ಅಂದರೆ ಅವಳಿಗೆ ಅಂದಂತೆ. ಬೇಡ ಅನ್ನಬೇಕಾದರೆ ಮೇಲೆದ್ದು, ಕೈ ತೊಳೆದು, ಜಗಲಿಗೆ ಬಂದು ಅನ್ನಬೇಕು. ವ್ಯಾಪಾರಿಗಳಿಗೆ ಇದು ಗೊತ್ತು. ಅದಕ್ಕೇ ಅವರನ್ನು ಜಗಲಿ ದಾಟಿ ಒಳಗೆ ಬಿಡುವುದಿಲ್ಲ. ಗೈಡ್ ಮೇಡಂ ಆದರೋ ಮಾವನ ಮಗಳಿಗೆ ಗುರು, ಅವರನ್ನು ಜಗಲಿಯಲ್ಲಿ ಕೂರಿಸುವುದು ಹೇಗೆ? ಮಾವ ತಾವೇ ಒಳಗೆ ಕರೆದರು. ಮೇಡಂ ಕೇಳಿದಾಗ ಅವರು ಗುಂಡಿಯಲ್ಲಿ ಕೂತಿದ್ದರು.

"ಆಗಲಿ ಅಮ್ಮಾ" ಎಂದರು.

ಅತ್ತೆ ಅಡಿಗೆಮನೆಯಿಂದ ಇಣುಕಿ ನೋಡಿ ಒಳಕ್ಕೆ ಹೋದರು. ನಾನು ಕಾಫಿ ಲೋಟ ಹಿಡಿದು ನಗುತ್ತ ನಿಂತಿದ್ದೆ.

ಮೇಡಂ ಮಗಳಿಗೆ ಮಗ್ಗದ ಮೇಲಿದ್ದ ಹಸಿರು ಒಗ್ಗಲಿಲ್ಲ. ಅವಳು ಫೋನಿನಲ್ಲಿ ಒಂದು ನೇರಳೆ ಬಣ್ಣ ತೋರಿಸಿದಳು. ಸೀರೆಯ ಬಣ್ಣ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಹಾಯ್ದ ಎಳೆಗಳಲ್ಲಿ ಇರುತ್ತದೆ. ಒಂದು ಹಾಸಿನಲ್ಲಿ ಮೂರು ಸೀರೆ. ನಡುವೆ ಬಣ್ಣ ಬದಲಿಸಲು ಬರುವುದಿಲ್ಲ. ಬದಲಿಸಬೇಕೆಂದರೆ ಹಳೆಯ ಹಾಸನ್ನು ಕತ್ತರಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಿ ಬೆರಳಲ್ಲಿ ಹೊಸೆಯಬೇಕು. ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾರೆ. ಎಳೆಗಳು ಸಾವಿರಗಟ್ಟಲೆ. ಇದು ಹೆಂಗಸರ ಕೆಲಸ. ಆ ಮನೆಯಲ್ಲಿ ಈಗ ಅದು ಬರುವುದು ಅತ್ತೆಗೆ ಮತ್ತು ನನ್ನ ಹೆಂಡತಿಗೆ. ಅತ್ತೆಗೆ ಕಣ್ಣು ಮಂಜು.

ಮಾರ್ಚಿನಲ್ಲಿ ಅವಳು ಲ್ಯಾಬಿಗೆ ರಜೆ ಹಾಕಿದಳು. ರಜೆ ಚೀಟಿಗೆ ಗೈಡ್ ಮೇಡಂ ಕೂಡಲೇ ಸಹಿ ಹಾಕಿದರು. ನಾಲ್ಕು ದಿನ ಮಗ್ಗದ ಪಕ್ಕ ನೆಲಕ್ಕೆ ಕೂತು ಎಳೆ ಹೊಸೆದಳು. ಹೊಸೆಯುತ್ತಲೇ ಮೂರನೇ ಅಧ್ಯಾಯದ ಕೋಷ್ಟಕಗಳನ್ನು ನನ್ನಿಂದ ಓದಿಸಿಕೊಂಡು ತಪ್ಪು ಹೇಳುತ್ತಿದ್ದಳು.

"ಸೀರೆ ಅವರಿಗೆ, ಬೂದಿ ನಿನಗೆ" ಎಂದೆ.

"ಬಾಯಿ ಮುಚ್ಚಿ ಓದ್ರೀ. ಎಳೆ ತಪ್ಪಿದ್ರೆ ನೀವು ಹೊಸೀತೀರಾ?"

ಮಾವನಿಗೆ ನಾನು ಒಂದು ಸಲ ಹೇಳಿ ನೋಡಿದೆ. ಜಗಲಿಗೆ ಬಂದಿದ್ದಾಗಲೇ ಹೇಳಿದೆ. "ಈಗ ಆಗಲ್ಲ ಅಂತ ಹೇಳಿಬಿಡಿ ಮಾವ."

"ಮಾತು ಒಳಗೆ ಕೊಟ್ಟಾಗಿದೆ ಮಾಪ್ಳೆ. ಒಂದು ಸೀರೆ ತಾನೆ. ಮಗು ಓದು ಮುಗೀಲಿ."

ಸೀರೆ ಮೇ ತಿಂಗಳಲ್ಲಿ ಮಗ್ಗದಿಂದ ಇಳಿಯಿತು. ಮಾವ ಬಿಳಿ ಪಂಚೆ ಉಟ್ಟು, ಬಸ್ಸಿನಲ್ಲಿ ಮೇಡಂ ಮನೆಗೆ ಬಂದು, ತಟ್ಟೆಯಲ್ಲಿ ಹೂ ಹಣ್ಣಿನ ಜೊತೆ ಇಟ್ಟು ಕೊಟ್ಟರು. ಮೇಡಂ ಅವರಿಗೆ ಮದುವೆ ಪತ್ರಿಕೆ ಕೊಟ್ಟರು. ಸೀರೆಗೆ ಏನು ಕೊಡಬೇಕು ಎಂದು ಕೇಳಲಿಲ್ಲ. ಮಾವ ಹೇಳಲೂ ಇಲ್ಲ. ಮದುವೆಯಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸಿದಳು. ವಿಭಾಗದ ಇನ್ನಿಬ್ಬರು ಸಂಶೋಧಕಿಯರು ಊಟದ ಟೋಕನ್ ಹಂಚಿದರು. ಹುಡುಗರು ಕುರ್ಚಿ ಹೊತ್ತರು. ಇದನ್ನು ನಾನು ಕಂಡೆ.

ಕರಡು ಅಲ್ಲೇ ಇತ್ತು.

ಜುಲೈ ಎರಡನೇ ವಾರ ನಾವಿಬ್ಬರೂ ಮೇಡಂ ಕೊಠಡಿಗೆ ಹೋದೆವು. ಬೈಂಡ್ ಮಾಡಿಸಿದ ಪ್ರತಿಗಳು ಭಾರವಿದ್ದವು, ಹೊರಲು ನಾನು. ಅವರು ಟೀ ತರಿಸಿದರು. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಕಣ್ಣು, ಒಂದು ಹಾಸಿನಲ್ಲಿ ಮೂರು ಸೀರೆ ಅಂತ ನೀನೇ ಹೇಳಿದ್ದೆಯಲ್ಲ. ಮಗಳ ನಾದಿನಿಗೆ ಆ ನೇರಳೆ ತುಂಬಾ ಹಿಡಿಸಿದೆ. ಇನ್ನೆರಡು ಇರಬೇಕಲ್ಲ, ಅಪ್ಪನ ಹತ್ತಿರ?"

"ಇದೆ ಮೇಡಂ."

"ಒಂದು ತೆಗೆದಿಡೋಕೆ ಹೇಳು. ಮುಂದಿನ ತಿಂಗಳು, ಆವಣಿಯಲ್ಲಿ ಅವಳ ಮದುವೆ."

"ಇಲ್ಲ ಮೇಡಂ."

"ಇಲ್ಲ ಅಂದ್ರೆ? ಮಾರಿಬಿಟ್ಟರಾ?"

"ಮಾರಿಲ್ಲ. ನಿಮಗೆ ಇಲ್ಲ. ಅದನ್ನ ನಾನು ಹೊಸೆದದ್ದು. ಸಹಿ ಹಾಕಿ ಮೇಡಂ."

ಮೇಡಂ ನನ್ನ ಮುಖ ನೋಡಿದರು, ಗಂಡನಾದವನು ಏನಾದರೂ ಹೇಳಲಿ ಎಂಬಂತೆ. ನಾನು ಪ್ರತಿಗಳನ್ನು ಅವರ ಮುಂದೆ ಮೇಜಿನ ಮೇಲಿಟ್ಟೆ.

"ಎರಡನೇ ಅಧ್ಯಾಯ ಇನ್ನೂ ಸರಿಯಿಲ್ಲ ಕಣ್ಣು" ಎಂದರು. ದನಿ ಆಗಲೂ ಏರಲಿಲ್ಲ. "ನಿನಗೆ ನನ್ನ ಹತ್ತಿರ ಕಷ್ಟ ಅನ್ನಿಸಿದರೆ ಬೇರೆ ಗೈಡ್ ನೋಡಿಕೋ. ನಾನು ಅಡ್ಡ ಬರಲ್ಲ."

ಎರಡನೇ ಅಧ್ಯಾಯಕ್ಕೆ ಅವರೇ ಎರಡು ವರ್ಷದ ಹಿಂದೆ "ಚೆನ್ನಾಗಿದೆ" ಎಂದು ಅಂಚಿನಲ್ಲಿ ಬರೆದಿದ್ದರು. ಆ ಹಾಳೆ ನಮ್ಮಲ್ಲಿದೆ.

ಅಂದು ಸಂಜೆ ಅವಳು ಕಾಲೇಜಿಗೆ ದೂರು ಬರೆದಳು, ಎಂಟು ಪುಟ. ಅಲ್ಲಿ ನಾನೊಂದು ತಪ್ಪು ಮಾಡಿದೆ. ವರ್ಷಗಟ್ಟಲೆ ಮಾಡಿದ ಕೆಲಸದ ಅಭ್ಯಾಸ. ಸಾಕ್ಷಿ ಇಲ್ಲದ ಸಾಲುಗಳನ್ನು ಹೊಡೆದು ಹಾಕಿದೆ. ಹೂ ಕಟ್ಟಿದ್ದಕ್ಕೆ ಸಾಕ್ಷಿ ಇಲ್ಲ, ಆಸ್ಪತ್ರೆಗೆ ಹೋದದ್ದಕ್ಕೆ ಇಲ್ಲ, ಸೀರೆಯನ್ನು ಮಾವ ತಾವಾಗಿಯೇ ಒಪ್ಪಿ ಕೊಟ್ಟದ್ದು. ಎಂಟು ಪುಟ ಒಂದೂವರೆ ಪುಟವಾಯಿತು. ಅದರಲ್ಲಿ ಉಳಿದದ್ದು "ಸಹಿ ವಿಳಂಬ" ಎಂಬ ಸಂಗತಿ ಮಾತ್ರ.

ಅವಳು ಓದಿ ಕೆಳಗಿಟ್ಟಳು. "ಇದನ್ನ ನಾನು ಬರೆದಿದ್ದಾ, ಅವರು ಬರೆದಿದ್ದಾ?"

"ಹೀಗಿದ್ರೆ ನಿಲ್ಲುತ್ತೆ."

"ನಿಲ್ಲುತ್ತೆ. ನಿಂತಲ್ಲೇ ನಿಲ್ಲುತ್ತೆ."

ಅದನ್ನೇ ಕಳಿಸಿದೆವು. ಕಾಲೇಜಿನ ಉತ್ತರ ಮೂರು ಸಾಲು: ಸಂಶೋಧನೆಯ ಗುಣಮಟ್ಟ ತೀರ್ಮಾನಿಸುವುದು ಗೈಡ್ ಅವರ ಅಧಿಕಾರ, ವಿಳಂಬವನ್ನು ದೂರಾಗಿ ಪರಿಗಣಿಸಲಾಗದು. ನನ್ನ ಕತ್ತರಿಯಿಂದ ದೂರು ಸತ್ತಿತು. ಎಂಟು ಪುಟ ಕಳಿಸಿದ್ದರೆ ಬದುಕುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಎಂಟು ಪುಟದಲ್ಲಿ ಸುಳ್ಳಿನ ಸಾಲು ಒಂದೂ ಇರಲಿಲ್ಲ ಎಂಬುದು ಗೊತ್ತು. ಹೊಡೆದು ಹಾಕಿದ್ದನ್ನೆಲ್ಲ ಇಲ್ಲಿ ಮತ್ತೆ ಬರೆದಿದ್ದೇನೆ.

ಅದೇ ವಿಭಾಗದಲ್ಲಿ ಅವಳನ್ನು ತೆಗೆದುಕೊಳ್ಳಲು ಬೇರೆ ಯಾರೂ ಒಪ್ಪಲಿಲ್ಲ. ಒಬ್ಬರು ಹಲ್ಲುನೋವು ಎಂದರು, ಒಬ್ಬರು ಜಾಗ ತುಂಬಿದೆ ಎಂದರು. ಮೂರನೆಯವರು ಕ್ಯಾಂಟೀನಿನಲ್ಲಿ ನಮ್ಮ ಪಕ್ಕ ಕೂತು, ಸುತ್ತ ನೋಡಿ, "ಒಂದು ಸೀರೆ ಅಲ್ಲವಾಮ್ಮಾ, ಕೊಟ್ಟುಬಿಡಬಾರದಾ?" ಎಂದರು. ಆತ ಒಳ್ಳೆಯವನೆಂದು ಹುಡುಗರೆಲ್ಲ ಹೇಳುತ್ತಾರೆ.

ವಿಷಯ ಮಾವನಿಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ. ಅವರು ಉಳಿದ ಎರಡು ನೇರಳೆ ಸೀರೆಗಳನ್ನು ಚೀಲಕ್ಕೆ ಹಾಕಿಕೊಂಡು ನಮ್ಮ ಮನೆ ಮೆಟ್ಟಿಲು ಹತ್ತಿ ಬಂದರು.

"ಕೊಟ್ಟು ಬರ್ತೀನಿ. ಎರಡನ್ನೂ ಕೊಡ್ತೀನಿ. ನಿನ್ನ ನಾಲ್ಕು ವರ್ಷ ಹೋಗ್ತದೆ ಮಗಾ."

"ಹೋಗಲಿ ಅಪ್ಪಾ. ಚೀಲ ಇತ್ತ ಕೊಡು." ಅವಳು ಅದನ್ನು ಬೀರುವಿನೊಳಗೆ ಇಟ್ಟು, "ಸಾರು ಆಗಿದೆ, ಉಣ್ಣು" ಎಂದಳು.

ಮಾವ ಅಂದು ಉಣ್ಣಲಿಲ್ಲ.

ತಿರುಪ್ಪೂರು ಜಿಲ್ಲೆಯ ಒಂದು ಕಾಲೇಜಿನಲ್ಲಿ ಒಬ್ಬ ಪ್ರೊಫೆಸರು ಅವಳನ್ನು ತೆಗೆದುಕೊಳ್ಳಲು ಒಪ್ಪಿದರು. ಅದು ಬೇರೆ ಯೂನಿವರ್ಸಿಟಿಗೆ ಸೇರಿದ್ದು. ಹಳೆಯ ನೋಂದಣಿ ಅಲ್ಲಿಗೆ ವರ್ಗವಾಗಲಿಲ್ಲ. ಹಳೆಯ ಅಂಕಿಅಂಶಗಳನ್ನು ಬಳಸಲು ಹಳೆಯ ಗೈಡಿನ ಒಪ್ಪಿಗೆ ಪತ್ರ ಬೇಕು. ಮೂರು ಸಲ ಕೇಳಿದೆವು, ಬಂದಿಲ್ಲ. ಈಗ ಭಾನುವಾರಗಳಲ್ಲಿ ನಾವು ಮತ್ತೆ ಕಾಂಗೇಯಂ ಕಡೆ ಹೋಗುತ್ತಿದ್ದೇವೆ, ಅದೇ ತೋಟಗಳಿಗೆ. ಅವಳು ಎಣಿಸುತ್ತಾಳೆ, ನಾನು ಮೊದಲನೇ ಮರದಿಂದ ಬರೆದುಕೊಳ್ಳುತ್ತೇನೆ.

ಕಳೆದ ಸೋಮವಾರ ಹೊಸ ಕಾಲೇಜಿನಿಂದ ಅವಳ ಗುರುತಿನ ಚೀಟಿ ಬಂತು. ಅದರಲ್ಲಿ "ಸಂಶೋಧನಾ ವಿದ್ಯಾರ್ಥಿನಿ, ಮೊದಲ ವರ್ಷ" ಎಂದಿದೆ.